ನಳ ಬಾರದ ದಿನ ಲ್ಯಾಬಿನಲ್ಲಿ ಕಣ್ಣಿಗೆ ಆ್ಯಸಿಡ್ ಸಿಡಿದರೆ?

ಬೆಟಗೇರಿ ಸಹಾಯಕ · ಏಪ್ರಿಲ್ 9, ರಾತ್ರಿ 9.40

ಗದಗ ಕಡೆಯ ಒಂದು ಪದವಿ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷಗಳಿಂದ ಸಹಾಯಕನಾಗಿದ್ದೇನೆ. ಕಾಲೇಜಿನ ಹೆಸರು ಬೇಡ, ನನ್ನ ಹೆಸರೂ ಬೇಡ.

ಸೋಮವಾರ ಎರಡನೇ ವರ್ಷದ ಬಿ.ಎಸ್ಸಿ. ಹುಡುಗಿಯೊಬ್ಬಳು ಲವಣ ವಿಶ್ಲೇಷಣೆ ಮಾಡುತ್ತಿದ್ದಳು. ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದ ಪ್ರನಾಳವನ್ನು ಅಲುಗಾಡಿಸದೆ ತಳವನ್ನೇ ಕಾಯಿಸಿದಳು. ಒಳಗಿದ್ದದ್ದು ಒಮ್ಮೆಲೇ ಉಕ್ಕಿ ಸಿಡಿಯಿತು. ಗಾಗಲ್ ಇತ್ತು, ಆದರೆ ಬೆವರು ಹೆಚ್ಚಾಗಿ ಅದನ್ನು ಹಣೆಯ ಮೇಲಕ್ಕೆ ಏರಿಸಿಕೊಂಡಿದ್ದಳು. ಒಂದೆರಡು ಹನಿ ಬಲಗಣ್ಣಿಗೇ ಬಿದ್ದವು.

ಕೈ ಹಿಡಿದು ಸಿಂಕಿಗೆ ಎಳೆದುಕೊಂಡು ಹೋದೆ. ನಳ ತಿರುಗಿಸಿದರೆ ಬರೀ ಗಾಳಿ. ಊರಿಗೆ ನೀರು ಬಿಟ್ಟು ಒಂಬತ್ತು ದಿನವಾಗಿತ್ತು, ಮೇಲಿನ ಟ್ಯಾಂಕು ಬೆಳಿಗ್ಗೆಯೇ ಬರಿದಾಗಿತ್ತಂತೆ. ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಭಟ್ಟಿ ಇಳಿಸಿದ ನೀರಿನ ಕ್ಯಾನಿನಲ್ಲಿ ಎರಡು ಲೀಟರ್ ಇತ್ತು, ಅದನ್ನು ಸುರಿದೆ. ಆಮೇಲೆ ಮಕ್ಕಳ ಚೀಲಗಳಿಗೆ ಕೈ ಹಾಕಿದೆವು. ಒಬ್ಬ ಬಾಟಲಿ ಬಿಚ್ಚುವುದು, ಇನ್ನೊಬ್ಬ ಕೊಡುವುದು, ನಾನು ಸುರಿಯುವುದು. ಏಳನೆಯದೋ ಎಂಟನೆಯದೋ ಬಾಟಲಿಯನ್ನು ಬಗ್ಗಿಸುವಷ್ಟರಲ್ಲಿ ಹಿಂದಿನಿಂದ ಒಬ್ಬ ಹುಡುಗ ಕಿರುಚಿದ: «ಸರ್, ಅದು ಮಜ್ಜಿಗೆ!»

ಕಣ್ಣು ಉಳಿದಿದೆ. ಮೇಲ್ಪದರ ಮಾತ್ರ ತರಚಿದೆ, ವಾರದಲ್ಲಿ ಸರಿಹೋಗುತ್ತದೆ ಎಂದು ವೈದ್ಯರು ಹೇಳಿದ್ದಾರೆ. ಆದರೆ ಆ ಮಜ್ಜಿಗೆಯ ಬಾಟಲಿ ನನ್ನ ನಿದ್ದೆ ಕೆಡಿಸಿದೆ. ಕಣ್ಣು ತೊಳೆಯುವ ಉಪಕರಣ ಬೇಕೆಂದು ಕೇಳಿದರೆ «ಮುಂದಿನ ಬಜೆಟ್ಟಿನಲ್ಲಿ ನೋಡೋಣ» ಎಂಬ ಉತ್ತರ ಬಂದಿದೆ. ಉಪಕರಣ ಬಂದರೂ ಅದರೊಳಗೆ ನೀರು ಎಲ್ಲಿಂದ ಬರಬೇಕು? ಹುಬ್ಬಳ್ಳಿ-ಧಾರವಾಡ, ಹಾವೇರಿ ಕಡೆಯ ಲ್ಯಾಬುಗಳಲ್ಲಿ ನೀವು ಹೇಗೆ ನಿಭಾಯಿಸುತ್ತೀರಿ?

ಸಪ್ತಾಪುರ ಸಂಶೋಧಕಿ · ಏಪ್ರಿಲ್ 9, ರಾತ್ರಿ 10.25

ಅಣ್ಣಾ, ನೀವು ಸಿಕ್ಕ ನೀರನ್ನೆಲ್ಲ ಸುರಿದಿರಿ, ಅದಕ್ಕೇ ಕಣ್ಣು ಉಳಿಯಿತು. ಎಷ್ಟೋ ಕಡೆ ಮೊದಲು ಪ್ರಾಂಶುಪಾಲರ ಕೋಣೆಗೆ ಓಡುತ್ತಾರೆ.

ಲೆಕ್ಕ ಹಾಕೋಣ. ಕಣ್ಣು ತೊಳೆಯುವ ಉಪಕರಣಗಳಿಗೆ ಜಗತ್ತಿನ ಹಲವು ಕಡೆ ಅಮೆರಿಕದ ರಾಷ್ಟ್ರೀಯ ಮಾನದಂಡ ಸಂಸ್ಥೆಯ (ಎಎನ್‌ಎಸ್‌ಐ) ಮಾನದಂಡವನ್ನು ನೋಡುತ್ತಾರೆ. ನಿಮಿಷಕ್ಕೆ ಕನಿಷ್ಠ 1.5 ಲೀಟರ್, ಬಿಡದೆ 15 ನಿಮಿಷ. ಅಂದರೆ 22.5 ಲೀಟರ್. ಎರಡು ಕೊಡ ನೀರು ಎಂದುಕೊಳ್ಳಿ. ಇದು ನಮ್ಮ ಕೈಗೆ ಎಟುಕುವ ಲೆಕ್ಕ. ಮೈಮೇಲೆ ಚೆಲ್ಲಿದಾಗ ನಿಲ್ಲುವ ತುರ್ತು ಶವರಿನದು ಮಾತ್ರ ಬೇರೆಯೇ ಕಥೆ: ನಿಮಿಷಕ್ಕೆ ಸುಮಾರು 75 ಲೀಟರ್. ಹದಿನೈದು ನಿಮಿಷಕ್ಕೆ 1,100 ಲೀಟರ್ ದಾಟುತ್ತದೆ. ಸಾವಿರ ಲೀಟರಿನ ಸಿಂಟೆಕ್ಸ್ ತುಂಬಿದ್ದರೂ ಸಾಲದು. ಎಷ್ಟೋ ಲ್ಯಾಬುಗಳಲ್ಲಿ ಬಾಗಿಲ ಮೇಲೆ ತೂಗುವ ಆ ಹಸಿರು ಶವರ್ ಯಾವ ಟ್ಯಾಂಕಿಗೆ ಜೋಡಿಸಲ್ಪಟ್ಟಿದೆ ಎಂದು ಒಮ್ಮೆ ಪೈಪಿನ ಜಾಡು ಹಿಡಿದು ನೋಡಿ. ನಾನು ನೋಡಿದ್ದೇನೆ. ಒಂದು ಕಡೆ ಪೈಪು ಗೋಡೆಯೊಳಗೆ ಹೋಗಿ ಅಲ್ಲೇ ಮುಗಿದಿತ್ತು.

ಇನ್ನೊಂದು ವಿಷಯ ಯಾರ ತಲೆಗೂ ಹೊಳೆಯುವುದಿಲ್ಲ. ಅದೇ ಮಾನದಂಡದ ಪ್ರಕಾರ ನೀರು 16ರಿಂದ 38 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಚಳಿಯ ದೇಶದವರು ಕೆಳಗಿನ ಅಂಕಿಗೆ ಹೆದರುತ್ತಾರೆ, ನಾವು ಮೇಲಿನದಕ್ಕೆ ಹೆದರಬೇಕು. ಕಳೆದ ವರ್ಷ ಮೇ ತಿಂಗಳಲ್ಲಿ, ಮಧ್ಯಾಹ್ನ ಎರಡೂವರೆಗೆ, ನಮ್ಮ ಲ್ಯಾಬಿನ ನಳದ ಮೊದಲ ನೀರಿಗೆ ಥರ್ಮಾಮೀಟರ್ ಹಿಡಿದೆ. 47 ಡಿಗ್ರಿ! ತಾರಸಿಯ ಕಪ್ಪು ಟ್ಯಾಂಕು, ಬಿಸಿಲಿನಲ್ಲಿ ಮಲಗಿದ ಪೈಪು. ಸ್ನಾನಕ್ಕೆ ಚೆನ್ನಾಗಿತ್ತು. ಸುಟ್ಟ ಕಣ್ಣಿಗೆ ಅದನ್ನು ಬಿಟ್ಟರೆ ಏನಾಗಬೇಡ!

ಹಾವೇರಿ ಮಾಸ್ತರ · ಏಪ್ರಿಲ್ 10, ಬೆಳಿಗ್ಗೆ 6.50

ನಮ್ಮದು ಪ್ರೌಢಶಾಲೆ. ಪ್ರಯೋಗಾಲಯ ಎಂದರೆ ಒಂದು ಕಬ್ಬಿಣದ ಕಪಾಟು, ಎರಡು ಮೇಜು. ಆದರೂ ಆಮ್ಲ ಇದೆ, ಸೋಡಿಯಂ ಇದೆ, ಎಂಟನೆಯ ತರಗತಿಯ ನಲವತ್ತು ತುಂಟರೂ ಇದ್ದಾರೆ.

ನಾನು ಮಾಡಿಕೊಂಡಿರುವುದು ಇಷ್ಟೇ. ಶುದ್ಧ ನೀರಿನ ಘಟಕದಲ್ಲಿ ಐದೋ ಹತ್ತೋ ರೂಪಾಯಿಗೆ 20 ಲೀಟರಿನ ಕ್ಯಾನ್ ತುಂಬಿಸಿಕೊಡುತ್ತಾರಲ್ಲ, ಅಂಥದ್ದನ್ನು, ಕೆಳಗೆ ನಳ ಇರುವುದನ್ನು, ಮೇಜಿನ ತುದಿಯಲ್ಲಿ ಇಟ್ಟಿದ್ದೇನೆ. ಕೆಳಗೊಂದು ಬೋಗುಣಿ. ಸಂಶೋಧಕಿಯವರ ಲೆಕ್ಕದಲ್ಲಿ ಒಂದು ಕ್ಯಾನು ಹದಿಮೂರು ನಿಮಿಷ ಬರುತ್ತದೆ, ಹಾಗಾಗಿ ಇವತ್ತಿನಿಂದ ಎರಡು ಇಡುತ್ತೇನೆ. ಕೋಣೆಯ ಒಳಗೇ ಇರುವುದರಿಂದ ನೀರು ತಣ್ಣಗಿರುತ್ತದೆ. ಪ್ರತಿ ಶನಿವಾರ ಬದಲಿಸುತ್ತೇವೆ, ಹಳೆಯ ನೀರು ಗಿಡಗಳಿಗೆ. ಇದು ಯಾವ ಮಾನದಂಡಕ್ಕೂ ಒಪ್ಪುವ ಉಪಕರಣವಲ್ಲ ಎಂದು ನನಗೂ ಗೊತ್ತು. ಒಂದೇ ಧಾರೆ, ಒಂದು ಸಲಕ್ಕೆ ಒಂದೇ ಕಣ್ಣು. ಆದರೂ ಮಕ್ಕಳ ಚೀಲ ತಡಕಾಡುವುದಕ್ಕಿಂತ ವಾಸಿ.

ಶಿಗ್ಗಾವಿ ಪೋಷಕ · ಏಪ್ರಿಲ್ 10, ಬೆಳಿಗ್ಗೆ 8.15

ಮಕ್ಕಳು ಗಾಗಲ್ ಹಾಕಿಕೊಳ್ಳುವುದಿಲ್ಲ ಎಂದು ಎಲ್ಲರೂ ದೂರುತ್ತೀರಿ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಒಮ್ಮೆ ಕರೆದುಕೊಂಡು ಹೋಗಿ. ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಯಾರೂ ಹೇಳದೆಯೇ ಮುಖಕ್ಕೆ ಬಟ್ಟೆ ಸುತ್ತಿಕೊಂಡಿರುತ್ತಾರೆ. ಘಾಟು ಒಮ್ಮೆ ಹೊಡೆದರೆ ಬುದ್ಧಿ ತಾನಾಗಿ ಬರುತ್ತದೆ.

ಸಪ್ತಾಪುರ ಸಂಶೋಧಕಿ · ಏಪ್ರಿಲ್ 10, ಬೆಳಿಗ್ಗೆ 8.40

ಒಪ್ಪುತ್ತೇನೆ, ಒಂದು ತಿದ್ದುಪಡಿಯೊಂದಿಗೆ. ಬಟ್ಟೆ ಮೆಣಸಿನ ಧೂಳನ್ನು ತಡೆಯುತ್ತದೆ. ಆಮ್ಲದ ಆವಿಯನ್ನಾಗಲಿ ಈಥರ್ ಆವಿಯನ್ನಾಗಲಿ ತಡೆಯುವುದಿಲ್ಲ. ನಮ್ಮ ಹುಡುಗರು ದುಪಟ್ಟಾ, ಕರವಸ್ತ್ರ ಕಟ್ಟಿಕೊಂಡು ಬ್ರೋಮಿನ್ ಬಾಟಲಿ ತೆರೆಯಲು ಹೊರಡುತ್ತಾರೆ. ಅದಕ್ಕೆ ಆವಿಯನ್ನು ಹೊರಗೆಳೆದು ಬಿಡುವ ಫ್ಯೂಮ್ ಹುಡ್ ಬೇಕು, ಅದರ ಫ್ಯಾನು ತಿರುಗುತ್ತಿರಬೇಕು. ಮೆಣಸಿನಕಾಯಿಯಂತೆ ಎಲ್ಲವೂ ಮುನ್ಸೂಚನೆ ಕೊಡುವುದೂ ಇಲ್ಲ. ಹೈಡ್ರೋಜನ್ ಸಲ್ಫೈಡ್ ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯಂತೆ ನಾರುತ್ತದೆ. ಹತ್ತು ಲಕ್ಷ ಭಾಗಕ್ಕೆ ನೂರರ ಆಸುಪಾಸಿಗೆ ಏರಿದರೆ ಮೂಗಿನ ನರವೇ ಮರಗಟ್ಟಿ, ವಾಸನೆ ನಿಂತುಹೋಗುತ್ತದೆ. «ಅನಿಲ ಹೋಯಿತು» ಎಂದು ಒಳಗೆ ಬಂದವರು ಅಲ್ಲೇ ಬೀಳುತ್ತಾರೆ.

ಕಣ್ಣಿನ ವಾರ್ಡಿನಿಂದ · ಏಪ್ರಿಲ್ 10, ಮಧ್ಯಾಹ್ನ 3.10

ಹುಬ್ಬಳ್ಳಿಯಲ್ಲಿ ಕಣ್ಣಿನ ವಿಭಾಗದ ಶುಶ್ರೂಷಕಿ ನಾನು. ರಾತ್ರಿ ಪಾಳಿ ಮುಗಿಸಿ ಮಲಗಿ ಎದ್ದು ಬರೆಯುತ್ತಿದ್ದೇನೆ, ತಪ್ಪಿದ್ದರೆ ತಿದ್ದಿಕೊಳ್ಳಿ.

ನಮ್ಮಲ್ಲಿಗೆ ಬರುವವರ ತಪ್ಪು ಹೆಚ್ಚಾಗಿ ಒಂದೇ: ತೊಳೆಯದೆ ಬರುತ್ತಾರೆ. ಹಾವೇರಿಯಿಂದ ಹುಬ್ಬಳ್ಳಿಗೆ ಒಂದೂವರೆ ತಾಸು. ಗದಗಿನಿಂದ ಅರವತ್ತು ಕಿಲೋಮೀಟರ್. ಆ ಹೊತ್ತೆಲ್ಲ ಕಣ್ಣು ಬೇಯುತ್ತಲೇ ಇರುತ್ತದೆ. ಗಾಡಿ ಹುಡುಕುವುದು, 108ಕ್ಕೆ ಕರೆ ಮಾಡುವುದು ಬೇರೆಯವರ ಕೆಲಸ. ಪೆಟ್ಟು ತಿಂದವರ ಜೊತೆ ಇರುವವರ ಕೆಲಸ ನೀರು ಹಾಕುವುದು ಮಾತ್ರ. ದಾರಿಯಲ್ಲೂ ಹಾಕುತ್ತಿರಿ.

ಹಾಕುವುದಕ್ಕೂ ಒಂದು ರೀತಿ ಇದೆ. ನೋವಿಗೆ ರೆಪ್ಪೆ ಬಿಗಿದುಕೊಂಡಿರುತ್ತದೆ, ತಾನಾಗಿ ತೆರೆಯುವುದಿಲ್ಲ. ಮುಚ್ಚಿದ ರೆಪ್ಪೆಯ ಮೇಲೆ ಒಂದು ಟ್ಯಾಂಕರ್ ಸುರಿದರೂ ವ್ಯರ್ಥ. ಹೆಬ್ಬೆರಳು, ತೋರುಬೆರಳಿನಿಂದ ರೆಪ್ಪೆಗಳನ್ನು ಬಿಡಿಸಿ ಹಿಡಿಯಬೇಕು, ಮೇಲೆ ಕೆಳಗೆ ಅಕ್ಕಪಕ್ಕ ನೋಡಲು ಹೇಳಬೇಕು. ಪೆಟ್ಟಾದ ಕಣ್ಣು ಕೆಳಗಿರುವಂತೆ ತಲೆ ವಾಲಿಸಿ. ನೀರು ಮೂಗಿನ ಕಡೆಯಿಂದ ಕಿವಿಯ ಕಡೆಗೆ ಹರಿಯಬೇಕು, ಇಲ್ಲವಾದರೆ ಒಂದು ಕಣ್ಣಿನದು ಇನ್ನೊಂದಕ್ಕೆ ಹೋಗುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆಯಿರಿ, ಆದರೆ ಅದನ್ನು ಹುಡುಕುತ್ತ ನೀರು ನಿಲ್ಲಿಸಬೇಡಿ. ಶುದ್ಧ ನೀರೇ ಬೇಕೆಂದು ಕಾಯಬೇಡಿ, ಕುಡಿಯಬಹುದಾದ ಯಾವ ನೀರಾದರೂ ನಡೆಯುತ್ತದೆ. ಆಮ್ಲ ಬಿದ್ದಿದೆ ಎಂದು ಸೋಡಾ ಕಲಸಿ ಹಾಕುವುದು, ಕ್ಷಾರ ಬಿದ್ದಿದೆ ಎಂದು ನಿಂಬೆಹಣ್ಣು ಹಿಂಡುವುದು, ಹಾಲು, ತುಪ್ಪ, ಎದೆಹಾಲು: ಎಲ್ಲವನ್ನೂ ನೋಡಿದ್ದೇನೆ, ಯಾವುದೂ ಬೇಡ.

ಎಲ್ಲರೂ ಆ್ಯಸಿಡ್ ಎಂದರೆ ನಡುಗುತ್ತೀರಿ. ಕಣ್ಣಿನ ಮಟ್ಟಿಗೆ ನಾನು ಹೆಚ್ಚು ಹೆದರುವುದು ಕ್ಷಾರಕ್ಕೆ. ಆಮ್ಲ ಸಾಮಾನ್ಯವಾಗಿ ಮೇಲ್ಪದರವನ್ನು ಹೆಪ್ಪುಗಟ್ಟಿಸುತ್ತದೆ, ಆ ಹೆಪ್ಪೇ ಸ್ವಲ್ಪ ತಡೆಯಾಗುತ್ತದೆ. ಕಾಸ್ಟಿಕ್ ಸೋಡಾ, ಸುಣ್ಣ, ಅಮೋನಿಯಾ ಹಾಗಲ್ಲ, ಕೊಬ್ಬನ್ನು ಸಾಬೂನು ಮಾಡುತ್ತ ಒಳಗೊಳಗೇ ಇಳಿಯುತ್ತವೆ. ಎಲೆಯಡಿಕೆಯ ಸುಣ್ಣದ ಪುಟ್ಟ ಪಾಕೀಟು ಹಿಚುಕಿ ಕಣ್ಣು ಸುಟ್ಟುಕೊಂಡು ಬರುವ ಮಕ್ಕಳನ್ನು ಕೇಳಿ. ಸುಣ್ಣದ ಕಣ ರೆಪ್ಪೆಯ ಮಡಿಕೆಯಲ್ಲಿ ಕುಳಿತುಬಿಡುತ್ತದೆ. ಹಾಗಾಗಿ ಕ್ಷಾರವಾದರೆ ಹದಿನೈದು ನಿಮಿಷಕ್ಕೆ ನಿಲ್ಲಿಸದೆ ವೈದ್ಯರ ಕೈಗೆ ಒಪ್ಪಿಸುವವರೆಗೂ ತೊಳೆಯುತ್ತಿರಿ.

ನಿವೃತ್ತ ಪ್ರಾಧ್ಯಾಪಕ, ಧಾರವಾಡ · ಏಪ್ರಿಲ್ 10, ಸಂಜೆ 6.05

ಎಲ್ಲವನ್ನೂ ಓದಿದೆ. ಮೂವತ್ತಾರು ವರ್ಷ ರಸಾಯನಶಾಸ್ತ್ರ ಕಲಿಸಿದವನು. ಗಾಗಲ್ ಹಾಕಲಿಲ್ಲ, ಗ್ಲೌಸ್ ಕಾಣಲಿಲ್ಲ, ದ್ರವ ಅಳೆಯುವ ಗಾಜಿನ ನಳಿಕೆಯಾದ ಪಿಪೆಟ್ಟನ್ನು ಬಾಯಿಯಿಂದಲೇ ಎಳೆದೆವು. ಎರಡೂ ಕಣ್ಣು ಇವೆ, ಹತ್ತೂ ಬೆರಳು ಇವೆ. ಈಗಿನ ಮಕ್ಕಳಿಗೆ ಮೊದಲು ಹೆದರಿಕೆ ಕಲಿಸುತ್ತೀರಿ, ಆಮೇಲೆ ರಸಾಯನಶಾಸ್ತ್ರ. ನಮಗೆ ಒಂದೇ ಸೂತ್ರ ಸಾಕಾಗಿತ್ತು: ನೀರಿಗೆ ಆಮ್ಲ ಹಾಕು, ಆಮ್ಲಕ್ಕೆ ನೀರು ಹಾಕಬೇಡ.

ಬೆಟಗೇರಿ ಸಹಾಯಕ · ಏಪ್ರಿಲ್ 10, ಸಂಜೆ 7.30

ಗುರುಗಳೇ, ಎದುರು ಮಾತು ಎಂದು ತಿಳಿಯಬೇಡಿ. ತಮ್ಮ ಕಾಲದಲ್ಲಿ ಒಂದು ಬ್ಯಾಚಿಗೆ ಎಷ್ಟು ವಿದ್ಯಾರ್ಥಿಗಳಿದ್ದರು? ಎಷ್ಟು ಜನ ಸಹಾಯಕರಿದ್ದರು? ನನ್ನಲ್ಲಿ ಒಂದು ಬ್ಯಾಚಿಗೆ ಮೂವತ್ತೆಂಟು ಮಂದಿ, ನೋಡಿಕೊಳ್ಳಲು ನಾನೊಬ್ಬ. ನನ್ನ ಪಕ್ಕದ ಹುದ್ದೆ ಖಾಲಿಯಾಗಿ ನಾಲ್ಕು ವರ್ಷವಾಯಿತು.

ನಿವೃತ್ತ ಪ್ರಾಧ್ಯಾಪಕ, ಧಾರವಾಡ · ಏಪ್ರಿಲ್ 10, ರಾತ್ರಿ 8.20

ಹದಿನಾರು ಮಂದಿ. ಇಬ್ಬರು ಸಹಾಯಕರು, ಒಬ್ಬ ಜವಾನ. ತಮ್ಮಾ, ಇದು ನ್ಯಾಯವಾದ ಮಾತು. ಒಪ್ಪಿದೆ.

ಸತ್ಯ ಹೇಳಬೇಕೆಂದರೆ, ಬಾಯಿ ಪಿಪೆಟ್ಟಿನ ಬಗ್ಗೆ ನಾನು ಜಂಬ ಕೊಚ್ಚಬಾರದಿತ್ತು. ಆಕ್ಸಾಲಿಕ್ ಆಮ್ಲ ಎಳೆಯುವಾಗ ಪಕ್ಕದವನು ಜೋಕು ಹೇಳಿದ, ನಾನು ನಕ್ಕೆ, ದ್ರಾವಣ ಗಂಟಲವರೆಗೂ ಬಂತು. ಉಗಿದು, ಬಾಯಿ ತೊಳೆದು ಪಾರಾದೆ. ಅದು ವಿಷ ಎಂದು ಆಗಲೂ ಗೊತ್ತಿತ್ತು. ಬಾಯಿಯ ಬದಲು ಎಳೆಯಲು ಬಳಸುವ ರಬ್ಬರಿನ ಬಲ್ಬು ಆಗಲೂ ಕಪಾಟಿನಲ್ಲಿತ್ತು, ಆದರೆ ಅದನ್ನು ಮುಟ್ಟುವುದು ಕೈಲಾಗದವರ ಲಕ್ಷಣ ಎಂದು ನಮ್ಮ ಭಾವನೆ.

ಸೂತ್ರದ ಕಾರಣವನ್ನಾದರೂ ಮಕ್ಕಳಿಗೆ ಹೇಳಿಕೊಡಿ, ಬರೀ ಬಾಯಿಪಾಠ ಮಾಡಿಸಬೇಡಿ. ಸಾರೀಕೃತ ಗಂಧಕಾಮ್ಲದ ಸಾಂದ್ರತೆ ನೀರಿನ 1.84 ಪಟ್ಟು. ಅದಕ್ಕೆ ನೀರು ಸುರಿದರೆ ನೀರು ಹಗುರಾಗಿ ಮೇಲೆಯೇ ನಿಲ್ಲುತ್ತದೆ. ಬೆರೆಯುವಾಗ ಹುಟ್ಟುವ ಶಾಖವೆಲ್ಲ ಆ ತೆಳು ಪದರಕ್ಕೇ ತಗುಲಿ, ಕಾದ ಒಗ್ಗರಣೆಗೆ ನೀರಿನ ಹನಿ ಬಿದ್ದ ಹಾಗೆ ಚಿಟಪಟ ಸಿಡಿಯುತ್ತದೆ, ಆಮ್ಲವನ್ನೂ ಹೊತ್ತು ತರುತ್ತದೆ. ಆಮ್ಲವನ್ನು ನೀರಿಗೆ ಸಣ್ಣ ಧಾರೆಯಲ್ಲಿ, ಕಲಕುತ್ತ ಹಾಕಿದರೆ ಅದು ಕೆಳಗಿಳಿದು ಬೆರೆಯುತ್ತದೆ, ಇಡೀ ನೀರು ಶಾಖವನ್ನು ಹಂಚಿಕೊಳ್ಳುತ್ತದೆ. ಮೈಮೇಲೆ ಬಿದ್ದಾಗಲೂ ಇದೇ ತರ್ಕ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸುಡುತ್ತದೆ, ಧಾರಾಳ ನೀರು ಸುರಿದರೆ ಶಾಖವೂ ಆಮ್ಲವೂ ಒಟ್ಟಿಗೆ ಕೊಚ್ಚಿಹೋಗುತ್ತವೆ. ಈ ಎಳೆ ಮತ್ತೆ ನೀರಿಗೇ ಬಂತು, ನೋಡಿ.

ಗ್ಲೌಸಿನ ಬಗ್ಗೆ ಮಾತ್ರ ನನ್ನ ಹಟ ಬಿಡುವುದಿಲ್ಲ. ಗ್ಲೌಸ್ ಹಾಕಿಕೊಂಡ ಕೈಯಲ್ಲೇ ಮೊಬೈಲ್, ಅದರಲ್ಲೇ ಬಾಗಿಲ ಚಿಲಕ, ಅದರಲ್ಲೇ ಕೂದಲು ಸರಿಪಡಿಸುವುದು. ಬರಿಗೈಯವನು ಆಗಾಗ ಕೈ ತೊಳೆಯುತ್ತಾನೆ, ಗ್ಲೌಸಿನವನು ತನಗೆ ಏನೂ ಆಗದೆಂದು ನಂಬಿರುತ್ತಾನೆ.

ಸಪ್ತಾಪುರ ಸಂಶೋಧಕಿ · ಏಪ್ರಿಲ್ 10, ರಾತ್ರಿ 9.00

ಸರ್, ಈ ವಿಷಯದಲ್ಲಿ ನಾನು ನಿಮ್ಮ ಪಕ್ಷ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಕ್ಯಾರೆನ್ ವೆಟರ್‌ಹಾನ್ ವಿಷಕಾರಿ ಲೋಹಗಳನ್ನೇ ಅಧ್ಯಯನ ಮಾಡುತ್ತಿದ್ದವರು. 1996ರ ಆಗಸ್ಟ್‌ನಲ್ಲಿ ಡೈಮೀಥೈಲ್ ಪಾದರಸದ ಕೆಲವೇ ಹನಿಗಳು ಅವರ ಗ್ಲೌಸಿನ ಮೇಲೆ ಬಿದ್ದವು. ಫ್ಯೂಮ್ ಹುಡ್‌ನಲ್ಲೇ ಕೆಲಸ ಮಾಡುತ್ತಿದ್ದರು, ಅಂದಿನ ನಿಯಮದಂತೆ ಲೇಟೆಕ್ಸ್ ಗ್ಲೌಸ್ ಹಾಕಿದ್ದರು. ಆ ದ್ರವ ಲೇಟೆಕ್ಸನ್ನು ಕೆಲವೇ ಸೆಕೆಂಡುಗಳಲ್ಲಿ ದಾಟುತ್ತದೆ ಎಂಬುದು ಆಮೇಲೆ ಪರೀಕ್ಷಿಸಿದಾಗ ತಿಳಿಯಿತು. ತಿಂಗಳುಗಟ್ಟಲೆ ಏನೂ ಕಾಣಲಿಲ್ಲ. 1997ರ ಜೂನ್‌ನಲ್ಲಿ ತೀರಿಕೊಂಡರು. ಯಾವ ದ್ರವಕ್ಕೆ ಯಾವ ಗ್ಲೌಸ್ ಎಂದು ಆ ರಾಸಾಯನಿಕದ ಸುರಕ್ಷತಾ ಪತ್ರದಲ್ಲಿ ನೋಡದೆ ಹಾಕಿಕೊಂಡರೆ ಅದು ಬರೀ ಬಣ್ಣದ ಚರ್ಮ.

ರಾಣೆಬೆನ್ನೂರು ಜೀವಶಾಸ್ತ್ರ · ಏಪ್ರಿಲ್ 11, ಬೆಳಿಗ್ಗೆ 11.20

ವಿಷಯ ಸ್ವಲ್ಪ ಬೇರೆ, ಕ್ಷಮಿಸಿ, ತುರ್ತು. ನಮ್ಮ ಪ್ರಾಣಿಶಾಸ್ತ್ರದ ಹಳೆಯ ಕಪಾಟು ಖಾಲಿ ಮಾಡುತ್ತಿದ್ದೇವೆ. ಕಂದು ಗಾಜಿನ ಒಂದು ಬಾಟಲಿ ಸಿಕ್ಕಿದೆ. ಚೀಟಿ ಅರ್ಧ ಗೆದ್ದಲು ತಿಂದಿದೆ, «ಪಿಕ್ರಿ...» ಎಂದು ಓದಲು ಬರುತ್ತದೆ. ಒಳಗೆ ಹಳದಿ ಹರಳು, ಮುಚ್ಚಳದ ಸುತ್ತಲೂ ಹಳದಿ ಪುಡಿ ಕಟ್ಟಿದೆ. ತೊಳೆದು ಬಾಟಲಿ ಬಳಸಬಹುದೇ?

ನಿವೃತ್ತ ಪ್ರಾಧ್ಯಾಪಕ, ಧಾರವಾಡ · ಏಪ್ರಿಲ್ 11, ಬೆಳಿಗ್ಗೆ 11.24

ಮುಟ್ಟಬೇಡಿ. ಮುಚ್ಚಳ ತಿರುಗಿಸಬೇಡಿ. ಇದ್ದಲ್ಲೇ ಬಿಟ್ಟು ಎಲ್ಲರೂ ಹೊರಗೆ ಬನ್ನಿ.

ಸಪ್ತಾಪುರ ಸಂಶೋಧಕಿ · ಏಪ್ರಿಲ್ 11, ಬೆಳಿಗ್ಗೆ 11.31

ಅದು ಪಿಕ್ರಿಕ್ ಆಮ್ಲ ಇರಬೇಕು. ಅಂಗಾಂಶಗಳನ್ನು ಕೆಡದಂತೆ ಇಡುವ ಬುವಾ ದ್ರಾವಣಕ್ಕೆ ಜೀವಶಾಸ್ತ್ರದವರು ತರಿಸುತ್ತಿದ್ದರು. ನೀರಿನಲ್ಲಿ ನೆನೆದಿರುವವರೆಗೆ ಸಾಧು. ವರ್ಷಗಟ್ಟಲೆ ಒಣಗಿದರೆ ತಿಕ್ಕಾಟಕ್ಕೆ, ಪೆಟ್ಟಿಗೆ ಸ್ಫೋಟಿಸುತ್ತದೆ. ಮುಚ್ಚಳದ ತಿರುಪಿನಲ್ಲಿ ಕುಳಿತ ಪುಡಿಯೇ ಅಪಾಯ. «ನೀರು ಹಾಕಿ ನೆನೆಸೋಣ» ಎಂದು ತೆರೆಯಲು ಹೋಗಬೇಡಿ. ಕೋಣೆಗೆ ಬೀಗ ಹಾಕಿ, ಪ್ರಾಂಶುಪಾಲರ ಮೂಲಕ 112ಕ್ಕೆ ತಿಳಿಸಿ, ಸ್ಫೋಟಕ ಎಂಬ ಪದವನ್ನು ಸ್ಪಷ್ಟವಾಗಿ ಹೇಳಿ.

ರಾಣೆಬೆನ್ನೂರು ಜೀವಶಾಸ್ತ್ರ · ಏಪ್ರಿಲ್ 13, ಸಂಜೆ 5.45

ತರಬೇತಿ ಪಡೆದವರು ಬಂದು ಮರಳು ತುಂಬಿದ ಡಬ್ಬಿಯಲ್ಲಿ ಒಯ್ದರು. ನಮ್ಮ ಜವಾನ ಕಳೆದ ವಾರವಷ್ಟೇ ಅದೇ ಕಪಾಟಿನ ಹನ್ನೆರಡು ಬಾಟಲಿಗಳನ್ನು ಗುಜರಿಯವನಿಗೆ ತೂಕಕ್ಕೆ ಹಾಕಿದ್ದಾನೆ. ಏನೇನಿತ್ತು ಎಂದು ಕೇಳಿದರೆ «ಬಣ್ಣದ ನೀರು» ಎನ್ನುತ್ತಾನೆ. ಗುಜರಿ ಅಂಗಡಿಗೆ ಹೋಗಿ ಒಂಬತ್ತನ್ನು ಮರಳಿ ತಂದೆ.

ಸಪ್ತಾಪುರ ಸಂಶೋಧಕಿ · ಏಪ್ರಿಲ್ 13, ಸಂಜೆ 6.10

ತಂದದ್ದು ಒಳ್ಳೆಯದಾಯಿತು. 2010ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಬಳಕೆಯಲ್ಲಿಲ್ಲದ ಒಂದು ವಿಕಿರಣ ಉಪಕರಣ ಹರಾಜಿನಲ್ಲಿ ಮಾಯಾಪುರಿಯ ಗುಜರಿಗೆ ಹೋಗಿ, ಒಳಗಿದ್ದ ಕೋಬಾಲ್ಟ್-60ರಿಂದ ಒಬ್ಬ ಕೆಲಸಗಾರ ಸತ್ತ. ಗುಜರಿಯವನಿಗೆ ಗೊತ್ತಿರುವುದು ತೂಕ ಮಾತ್ರ. ಉಳಿದದ್ದಕ್ಕೆ ಬೇರೆ ಎಳೆ ತೆರೆಯೋಣ.

ತಾರಿಹಾಳ ಕೆಮಿಸ್ಟ್ · ಏಪ್ರಿಲ್ 14, ರಾತ್ರಿ 11.15

ಹುಬ್ಬಳ್ಳಿಯ ಕಾರ್ಖಾನೆಯೊಂದರ ಗುಣಮಟ್ಟ ಪರೀಕ್ಷಾ ಲ್ಯಾಬಿನಲ್ಲಿದ್ದೇನೆ. ನೀರು ಎಂದರೆ ಎಲ್ಲರೂ ತೊಳೆಯುವ ನೀರಿನ ಮಾತನ್ನೇ ಆಡುತ್ತಿದ್ದೀರಿ. ಆವಿಯನ್ನು ತಣಿಸಿ ಮತ್ತೆ ದ್ರವ ಮಾಡುವ ಕಂಡೆನ್ಸರಿನಲ್ಲಿ ಓಡುವ ನೀರಿನ ಬಗ್ಗೆ ಯಾರೂ ಹೇಳಲಿಲ್ಲ.

ಇದು ನಾನು ಎಂ.ಎಸ್ಸಿ. ಮುಗಿಸಿ ಸೇರಿದ ಮೊದಲ ಕೆಲಸದ ಕಥೆ, ಈಗಿನ ಜಾಗದ್ದಲ್ಲ. ಈಥರ್ ಬಳಸಿ ಎಣ್ಣೆಯ ಅಂಶ ತೆಗೆಯಲು ಸಾಕ್ಸ್‌ಲೆಟ್ ಎಂಬ ಗಾಜಿನ ಉಪಕರಣ ಹೂಡಿದ್ದೆ. ಫ್ಲಾಸ್ಕನ್ನು ಕಾಯಿಸುವ ಹೀಟಿಂಗ್ ಮ್ಯಾಂಟಲ್ ಕೆಳಗೆ, ಕಂಡೆನ್ಸರ್ ಮೇಲೆ, ನಳದಿಂದ ರಬ್ಬರ್ ಪೈಪು. ಊಟಕ್ಕೆ ಹೋದೆ. ಆ ಹೊತ್ತಿಗೆ ನೀರು ನಿಂತಿತು. ಮರಳಿ ಬಂದು ಬಾಗಿಲು ತೆರೆದರೆ ಸಿಹಿಯಾದ ಒಂದು ವಾಸನೆ, ಫ್ಲಾಸ್ಕಿನಲ್ಲಿ ದ್ರಾವಕ ಅರ್ಧಕ್ಕಿಳಿದಿದೆ. ಉಳಿದದ್ದು ಎಲ್ಲಿದೆ? ಕೋಣೆಯಲ್ಲಿದೆ. ಈಥರಿನ ಆವಿ ಗಾಳಿಗಿಂತ ಎರಡೂವರೆ ಪಟ್ಟು ಭಾರ. ನೆಲದ ಮೇಲೆ ಚಾಪೆ ಹಾಸಿದಂತೆ ಹರಡಿ ದೂರದ ಕಿಡಿಯನ್ನು ಹುಡುಕುತ್ತದೆ. ಬಾಗಿಲ ಪಕ್ಕದ ಸ್ವಿಚ್ ಬೋರ್ಡಿನ ಮೇಲೆ ನನ್ನ ಬೆರಳು ಇತ್ತು. ಫ್ಯಾನು ಹಾಕಿ ಗಾಳಿ ಆಡಿಸೋಣ ಎಂದುಕೊಂಡಿದ್ದೆ! ಯಾಕೋ ಒತ್ತಲಿಲ್ಲ. ಹೊರಗೆ ಓಡಿ ಇಡೀ ಮಹಡಿಯ ವಿದ್ಯುತ್ತನ್ನು ಮುಖ್ಯ ಸ್ವಿಚ್ಚಿನಲ್ಲೇ ಆರಿಸಿದೆ, ಎಲ್ಲರನ್ನೂ ಹೊರಗೆ ಕಳಿಸಿದೆ, ಹೊರಗಿನಿಂದಲೇ ಕಿಟಕಿಗಳನ್ನು ದೂಡಿ ತೆರೆದೆ.

ಇನ್ನೊಂದು ಕುಹಕ ನೋಡಿ: ಈಥರ್ ಕುದಿಯುವುದು 34.6 ಡಿಗ್ರಿಗೆ. ಏಪ್ರಿಲ್ ಮಧ್ಯಾಹ್ನ ನಮ್ಮ ಊರುಗಳಲ್ಲಿ ಮ್ಯಾಂಟಲ್ ಬೇಕೇ ಇಲ್ಲ, ಮೇಜಿನ ಮೇಲಿಟ್ಟ ಬಾಟಲಿಯೇ ಮುಚ್ಚಳ ಎತ್ತುತ್ತದೆ. ತಂಪಾಗಿರಲಿ ಎಂದು ಮನೆಯ ಫ್ರಿಜ್ಜಿನಂಥದ್ದರಲ್ಲಿ ಇಡುತ್ತಾರೆ. ಅದರೊಳಗಿನ ಥರ್ಮೋಸ್ಟಾಟ್ ಕಿಡಿ ಹಾರಿಸುತ್ತದೆ. ಕಿಡಿಯಾಗದಂಥ ಫ್ರಿಜ್ಜು ಬೇರೆಯೇ ಸಿಗುತ್ತದೆ, ಇಲ್ಲವಾದರೆ ಬೇಸಿಗೆಯಲ್ಲಿ ಈಥರ್ ತರಿಸಲೇಬೇಡಿ.

ಈಗ ನಾನು ನಳವನ್ನು ನಂಬುವುದಿಲ್ಲ. ಏರ್ ಕೂಲರಿನಲ್ಲಿ ಬರುವ ಸಣ್ಣ ಪಂಪನ್ನು ಬಕೆಟ್ಟಿಗೆ ಇಳಿಬಿಟ್ಟು, ಮಂಜುಗಡ್ಡೆ ಹಾಕಿ, ಅದೇ ನೀರನ್ನು ಸುತ್ತಿಸುತ್ತೇನೆ. ನೀರೂ ಉಳಿಯುತ್ತದೆ. ಪಂಪು ಮತ್ತು ಮ್ಯಾಂಟಲ್ ಒಂದೇ ಸ್ವಿಚ್ಚಿನ ಮೇಲಿವೆ. ವಿದ್ಯುತ್ ಹೋದರೆ ಎರಡೂ ನಿಲ್ಲುತ್ತವೆ. ಪಂಪು ಮಾತ್ರ ಕೆಟ್ಟರೆ ಅದು ಕೆಲಸ ಮಾಡದು, ಆದ್ದರಿಂದ ಊಟಕ್ಕೆ ಹೋಗುವಾಗ ಇನ್ನೊಬ್ಬರನ್ನು ಕೂರಿಸಿಯೇ ಹೋಗುತ್ತೇನೆ. ಕರೆಂಟ್ ಹೋದ ತಕ್ಷಣ ಸ್ವಿಚ್ಚುಗಳನ್ನು ಕೈಯಿಂದ ಆರಿಸುವುದು ನಮ್ಮಲ್ಲಿ ಕಡ್ಡಾಯ. ಸಂಜೆ ಐದಕ್ಕೆ ಕತ್ತಲೆಯಲ್ಲಿ ಮನೆಗೆ ಹೋಗಿ, ರಾತ್ರಿ ಎಂಟಕ್ಕೆ ಕರೆಂಟ್ ಬಂದು, ಯಾರೂ ಇಲ್ಲದ ಕೋಣೆಯಲ್ಲಿ ಹಾಟ್ ಪ್ಲೇಟ್ ಕೆಂಪಾಗುವುದನ್ನು ಊಹಿಸಿಕೊಳ್ಳಿ.

ಹಾವೇರಿ ಮಾಸ್ತರ · ಏಪ್ರಿಲ್ 15, ಬೆಳಿಗ್ಗೆ 7.05

ಬೆಂಕಿಯ ಮಾತು ಬಂತು. ನಮ್ಮ ಶಾಲೆಯ ಗೋಡೆಗೆ ತೂಗಿದ ಕೆಂಪು ಮರಳಿನ ಬಕೆಟ್ಟುಗಳನ್ನು ನಿನ್ನೆ ಇಳಿಸಿ ನೋಡಿದೆ. ಒಂದರಲ್ಲಿ ಗುಟ್ಕಾ ಉಗುಳು, ಪೆನ್ಸಿಲ್ ಚೂರು, ಬಸ್ ಟಿಕೆಟ್ಟು. ಇನ್ನೊಂದರ ಮರಳು ಮಳೆ ನೀರು ಕುಡಿದು ಇಟ್ಟಿಗೆಯಂತಾಗಿತ್ತು. ಸೋಡಿಯಂಗೆ ಬೆಂಕಿ ಹತ್ತಿದರೆ ಒಣ ಮರಳೇ ಗತಿ. ನೀರು ಹಾಕಿದರೆ ಹೈಡ್ರೋಜನ್ ಎದ್ದು ಇನ್ನಷ್ಟು ಉರಿಯುತ್ತದೆ. ಇಷ್ಟು ದಿನ ಇಲ್ಲಿ ನೀರಿನ ಮಹಿಮೆ ಹಾಡಿದ ಮೇಲೆ ಇದನ್ನೂ ಹೇಳಬೇಕೆನಿಸಿತು. ಸುಟ್ಟ ಚರ್ಮಕ್ಕೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು, ಪೇಸ್ಟು ಬೇಡ, ಅರಿಶಿನ ಬೇಡ. ಉರಿಯುವ ಸೋಡಿಯಂಗೆ ಮಾತ್ರ ಒಂದು ಹನಿಯೂ ಬೇಡ. ಮರಳನ್ನು ಜರಡಿ ಹಿಡಿದು ಬಿಸಿಲಿಗೆ ಹಾಕಿದ್ದೇನೆ. ಬಕೆಟ್ಟಿಗೆ ಮುಚ್ಚಳ ಮಾಡಿಸುತ್ತೇನೆ.

ಬೆಂಗೇರಿ ತಾಯಿ · ಏಪ್ರಿಲ್ 15, ಮಧ್ಯಾಹ್ನ 12.30

ಮಗಳು ಈ ವರ್ಷ ಬಿ.ಎಸ್ಸಿ. ಸೇರುತ್ತಾಳೆ. ಅಂಗಡಿಯಲ್ಲಿ ಏಪ್ರನ್ ಕೇಳಿದರೆ ಟೆರಿಕಾಟ್ ಕೊಡುತ್ತಾರೆ, ಇಸ್ತ್ರಿ ಬೇಡವಂತೆ. ತರಬಹುದೇ?

ಸಪ್ತಾಪುರ ಸಂಶೋಧಕಿ · ಏಪ್ರಿಲ್ 15, ಮಧ್ಯಾಹ್ನ 1.15

ಬೇಡ ಅಮ್ಮಾ, ಅಪ್ಪಟ ಹತ್ತಿಯದೇ ಇರಲಿ. ಟೆರಿಕಾಟ್‌ನಲ್ಲಿರುವ ಪಾಲಿಯೆಸ್ಟರ್ ಬೆಂಕಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ. ಹತ್ತಿಯೂ ಉರಿಯುತ್ತದೆ, ಆದರೆ ಅಂಟುವುದಿಲ್ಲ, ಬೇಗ ಕಳಚಿ ಎಸೆಯಬಹುದು. 2008ರ ಡಿಸೆಂಬರ್ 29ರಂದು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 23 ವರ್ಷದ ಸಂಶೋಧನಾ ಸಹಾಯಕಿಯೊಬ್ಬಳ ಸಿರಿಂಜಿನಿಂದ, ಗಾಳಿ ತಾಗಿದರೆ ತಾನಾಗಿ ಹೊತ್ತಿಕೊಳ್ಳುವ ದ್ರವ ಹೊರಬಂತು. ಏಪ್ರನ್ ಇರಲಿಲ್ಲ, ಕೃತಕ ನೂಲಿನ ಸ್ವೆಟರ್ ಇತ್ತು. ತುರ್ತು ಶವರ್ ಲ್ಯಾಬಿನಲ್ಲೇ ಇದ್ದರೂ ಗಾಬರಿಯಲ್ಲಿ ಬಳಕೆಯಾಗಲಿಲ್ಲ. 18 ದಿನಗಳ ನಂತರ ತೀರಿಕೊಂಡಳು. ನೀರು ಇದ್ದರೆ ಸಾಲದು, ಕಾಲುಗಳಿಗೆ ಅದರ ದಾರಿ ಗೊತ್ತಿರಬೇಕು.

ನೀವು ಬೆಂಗೇರಿಯವರು, ರಾಷ್ಟ್ರಧ್ವಜ ತಯಾರಾಗುವ ಊರು. ಖಾದಿ ಭಂಡಾರದ ದಪ್ಪ ಹತ್ತಿ ಬಟ್ಟೆ ತಂದು ದರ್ಜಿಗೆ ಕೊಡಿ. ತುಂಬು ತೋಳು, ಮೊಣಕಾಲಿನವರೆಗೆ ಉದ್ದ. ಗುಂಡಿಯ ಬದಲು ಟಿಚ್ ಬಟನ್ ಹಾಕಿಸಿ, ಒಂದೇ ಎಳೆತಕ್ಕೆ ಬಿಚ್ಚಬೇಕು. ನನ್ನದು ಹಾಗೆಯೇ ಇದೆ, ಆರು ವರ್ಷದಿಂದ.

ಬೆಟಗೇರಿ ಸಹಾಯಕ · ಜೂನ್ 21, ರಾತ್ರಿ 9.10

ಎರಡು ತಿಂಗಳ ಮೇಲೆ ಬಂದೆ. ಏನಾಯಿತೆಂದು ಹೇಳುವುದು ನನ್ನ ಬಾಕಿ.

ಮಾಸ್ತರರ ಕ್ಯಾನು ಪದ್ಧತಿಯನ್ನೇ ಹಿಡಿದೆ. 20 ಲೀಟರಿನ ಎರಡು ಕ್ಯಾನು, ಬಾಗಿಲ ಪಕ್ಕದ ಕಟ್ಟೆಯ ಮೇಲೆ. ಅದರ ಕೆಳಗೆ 200 ಲೀಟರಿನ ನೀಲಿ ಡ್ರಮ್ಮು, ಮುಚ್ಚಳದ ಮೇಲೆ ಸರಪಳಿ ಕಟ್ಟಿದ ಚರಗಿ. ನಳ ಬಂದ ದಿನ ಮೊದಲು ಡ್ರಮ್ಮು, ಆಮೇಲೆ ಉಳಿದದ್ದು. ಬ್ಯಾಚು ಶುರುವಾಗುವ ಮೊದಲು ನಳ ತಿರುಗಿಸಿ ನೋಡಿ ಹಲಗೆಯ ಮೇಲೆ «ನೀರು ಇದೆ» ಅಥವಾ «ನೀರು ಇಲ್ಲ» ಎಂದು ಬರೆಯುತ್ತೇನೆ. ಇಲ್ಲ ಎಂದು ಬರೆದ ದಿನ ಜ್ವಾಲೆಯ ಮೇಲೆ ಆಮ್ಲ ಕಾಯಿಸುವ ಪ್ರಯೋಗ ಇಲ್ಲ, ದ್ರಾವಣವನ್ನು ಹನಿಹನಿಯಾಗಿ ಬೆರೆಸಿ ಅಳೆಯುವ ಅನುಮಾಪನ (ಟೈಟ್ರೇಷನ್) ಮಾತ್ರ. ಇದಕ್ಕೆ ಪ್ರಾಂಶುಪಾಲರ ಸಹಿ ಹಾಕಿಸಲು ಮೂರು ಸಲ ಅಲೆಯಬೇಕಾಯಿತು. ಮೂರನೆಯ ಸಲ ಆ ಹುಡುಗಿಯನ್ನೇ ಕರೆದುಕೊಂಡು ಹೋದೆ.

ಹೊಸ ಬ್ಯಾಚಿಗೆ ಮೊದಲ ದಿನ ಕಣ್ಣು ಮುಚ್ಚಿಕೊಂಡು ತಮ್ಮ ಮೇಜಿನಿಂದ ಕ್ಯಾನಿನವರೆಗೆ ನಡೆಯುವ ಪರೀಕ್ಷೆ ಇಟ್ಟೆ. ಹತ್ತು ಸೆಕೆಂಡಿನೊಳಗೆ ತಲುಪಬೇಕು. ಕೈಗಡಿಯಾರ ಹಿಡಿದು ನಿಂತವಳು ಅವಳೇ, ಈಗ ಮೂರನೇ ವರ್ಷ. ಕೊನೆಯ ಮೇಜಿನವರಿಗೆ ಇಪ್ಪತ್ತೆರಡು ಸೆಕೆಂಡ್ ಹಿಡಿಯಿತು, ದಾರಿಯಲ್ಲಿ ಮೂರು ಸ್ಟೂಲುಗಳಿಗೆ ಡಿಕ್ಕಿ ಹೊಡೆದರು. ಸ್ಟೂಲುಗಳನ್ನೆಲ್ಲ ಹೊರಗೆ ಹಾಕಿದ್ದೇನೆ. ಒಂದು ಕ್ಯಾನನ್ನು ಹಿಂದಿನ ಗೋಡೆಗೆ ಸರಿಸಿದೆ.

ಈಗ ಉಳಿದಿರುವ ತೊಂದರೆ ಒಂದೇ. ಮಕ್ಕಳು ಕ್ಯಾನಿನ ನೀರನ್ನು ಕುಡಿದು ಖಾಲಿ ಮಾಡುತ್ತಾರೆ. «ಕಣ್ಣಿಗೆ ಮಾತ್ರ» ಎಂದು ದೊಡ್ಡದಾಗಿ ಬರೆದು ಅಂಟಿಸಿದೆ. ನಿನ್ನೆ ನಾಲ್ಕಕ್ಕೆ ನೋಡಿದರೆ ಅರ್ಧ ಕ್ಯಾನು ಇಲ್ಲ. ಲ್ಯಾಬಿನೊಳಗೆ ಏನನ್ನೂ ಕುಡಿಯಬಾರದು ಎಂಬ ಮೊದಲ ನಿಯಮವೇ ಮುರಿದುಬಿತ್ತು. ಬೀಗ ಹಾಕುವಂತೆಯೂ ಇಲ್ಲ.

ಕಣ್ಣಿನ ವಾರ್ಡಿನಿಂದ · ಜೂನ್ 21, ರಾತ್ರಿ 9.35

ಹೊರಗೆ ವರಾಂಡದಲ್ಲಿ ಕುಡಿಯುವುದಕ್ಕೆ ಇನ್ನೊಂದು ಕ್ಯಾನು ಇಡಿ ತಮ್ಮಾ. ಬಾಯಾರಿದವರಿಗೆ ಬೋರ್ಡು ಕಾಣುವುದಿಲ್ಲ.

ಬೆಟಗೇರಿ ಸಹಾಯಕ · ಜೂನ್ 21, ರಾತ್ರಿ 9.41

ಹತ್ತು ರೂಪಾಯಿಯ ಉಪಾಯ, ನನಗೆ ಹೊಳೆಯಲಿಲ್ಲ ಅಕ್ಕನವರೇ. ನಾಳೆಯೇ ಇಡುತ್ತೇನೆ, ಲೋಟದ ಜೊತೆಗೆ.